ಬಾಗಿಲ ಮುಂದೆ ಉಳಿದ ಜಲ್ಲಿ

ಕಶ್ಕದರಿಯಾ ಹೊಳೆದಂಡೆಯ ಆ ಹಳ್ಳಿಯಲ್ಲಿ ಯಾರೇ ಮನೆ ಕಟ್ಟಿಸಲಿ, ಮೊದಲು ಹಿರಿಯ ಮೇಸ್ತ್ರಿ ಉಸ್ತಾ ಸುಯುನ್ ಅವರನ್ನು ಕರೆಯಬೇಕು. ಅವರು ಕೈ ಬೆನ್ನಿಗೆ ಕಟ್ಟಿಕೊಂಡು ಜಾಗದ ಸುತ್ತ ಒಂದು ಸಲ ನಡೆದು, ಹೆಜ್ಜೆಗಳನ್ನು ಮನಸ್ಸಿನಲ್ಲೇ ಕೂಡಿಸಿ, ತಳಪಾಯಕ್ಕೆ ಇಷ್ಟು ಲಾರಿ ಜಲ್ಲಿ, ಇಷ್ಟು ಮರಳು ಎನ್ನುತ್ತಿದ್ದರು. ಟೇಪು ಹಿಡಿದವರನ್ನು ಕಂಡರೆ ಅವರಿಗಾಗದು. "ಟೇಪು ದರ್ಜಿಗಳಿಗೆ" ಎಂದು ಮೂಗು ಮುರಿಯುತ್ತಿದ್ದರು.

ಅಂದಾಜು ತಪ್ಪುವುದು ಸಣ್ಣ ಮಾತಲ್ಲ. ತಳಪಾಯ ಹಾಕುವ ದಿನ ಊರಿಗೆ ಊರೇ ಮುಯ್ಯಾಳಾಗಿ ಬರುತ್ತದೆ. ಮನೆಯೊಡತಿ ದೊಡ್ಡ ಕಡಾಯಿಯಲ್ಲಿ ಪಲಾವ್ ಇಟ್ಟಿರುತ್ತಾಳೆ. ನಡುವೆ ಜಲ್ಲಿ ಮುಗಿದು ಅಷ್ಟು ಜನ ಸಲಿಕೆ ಊರಿ ಸುಮ್ಮನೆ ನಿಂತರೆ ಆ ಮನೆಯವರು ಆಮೇಲೆ ತಲೆ ಎತ್ತಿ ತಿರುಗುವ ಹಾಗಿಲ್ಲ. ಉಸ್ತಾ ಲೆಕ್ಕ ಹಾಕಿದಲ್ಲಿ ಹಾಗಾದದ್ದೇ ಇಲ್ಲ. ಅದಕ್ಕೇ ಪಲಾವಿನ ಹಾಸಿನ ಮೇಲೆ ಹಿರಿಯರ ಜಾಗ ಅವರದು.

ಈಚೆಗೆ ಮಾತ್ರ ಜಲ್ಲಿ ಉಳಿಯತೊಡಗಿತ್ತು. ಒಂದು ಮನೆಯ ಮುಂದೆ ಎರಡು ಬುಟ್ಟಿ, ಆಮೇಲೆ ಕಟ್ಟಿದ ಮನೆಯ ಮುಂದೆ ಒಂದು ಕತ್ತೆಗಾಡಿಯಷ್ಟು, ಅದೇ ಊರಿನ ತುರೋಬ್ ಎಂಬವನ ತಮ್ಮನ ಮನೆಯ ಮುಂದಂತೂ ಆಡು ಹತ್ತಿ ಮಲಗುವಷ್ಟು ದೊಡ್ಡ ಗುಡ್ಡೆ. ಜಲ್ಲಿ ತರುವ ಲಾರಿ ಉಸ್ತಾರ ಬಾಮೈದ ಬೋರಿಯದು. ಊರ ಬಾಯಿಗೆ ಇನ್ನೇನು ಬೇಕು?

ಒಂದು ದಿನ ಚಹಾದಂಗಡಿಯಲ್ಲಿ ತುರೋಬ್ ಎಲ್ಲರೆದುರೇ ಕೇಳಿಬಿಟ್ಟ: "ಉಸ್ತಾ, ಈ ಸಲ ನನ್ನ ಮಗನ ಮನೆ. ಲೆಕ್ಕ ಮನೆ ನೋಡಿ ಹಾಕ್ತೀರೋ, ಬಾಮೈದನ ಲಾರಿ ನೋಡಿ ಹಾಕ್ತೀರೋ?"

ಉಸ್ತಾ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಇಷ್ಟು ವರ್ಷ ಇಲ್ಲದ ಕಳ್ಳತನ ಈ ವಯಸ್ಸಿನಲ್ಲಿ ಗಂಟುಬಿತ್ತಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದರು.

ಮರುದಿನ ಮದುವೆಮನೆಗೆ ಹೊರಟಾಗ ಹೆಂಡತಿ ಬಿಬಿಸಾರಾ ಬೀದಿಯ ತಿರುವಿನಲ್ಲಿ ನಿಂತು ಗದರಿದಳು: "ಏನ್ರೀ, ಸ್ವಲ್ಪ ಬೇಗ ಕಾಲ್ಹಾಕಿ! ಮದುವೆಯಾದ ಹೊಸದ್ರಲ್ಲಿ ನಿಮ್ಮ ಹಿಂದೆ ನಾನು ಓಡ್ಬೇಕಿತ್ತು. ಈಗ ಮೂಲೆಮೂಲೆಗೂ ನಿಂತು ಕಾಯ್ಬೇಕು."

ಉಸ್ತಾ ನಿಂತಲ್ಲೇ ನಿಂತರು. ಹಿಂತಿರುಗಿ ಧೂಳಿನಲ್ಲಿ ತಮ್ಮ ಹೆಜ್ಜೆಗುರುತು ನೋಡಿದರು. ಒಂದಕ್ಕೊಂದು ಅಂಟಿಕೊಂಡ ಹಾಗಿದ್ದವು. ಹೆಜ್ಜೆ ಗಿಡ್ಡವಾದರೆ ಅದೇ ಜಾಗಕ್ಕೆ ಹೆಜ್ಜೆ ಹೆಚ್ಚು. ಹೆಜ್ಜೆ ಹೆಚ್ಚಾದರೆ ಲಾರಿಯೂ ಹೆಚ್ಚು. ಅವರ ಮುಪ್ಪು ಬೀದಿಯವರ ಬಾಗಿಲುಗಳಲ್ಲಿ ಗುಡ್ಡೆಯಾಗಿ ಬಿದ್ದಿತ್ತು, ಅವರಿಗೊಬ್ಬರಿಗೇ ಕಂಡಿರಲಿಲ್ಲ.

ಪಾಪ, ಅವರ ಸಂಕಟ ಯಾರಿಗೂ ಬೇಡ. ಬಾಯಿ ಮುಚ್ಚಿಕೊಂಡರೆ ಕಳ್ಳ. ನಿಜ ಹೇಳಿದರೆ ಮುದುಕ, ಮುದುಕನ ಅಂದಾಜು ಕೇಳಲು ಯಾರು ಬರುತ್ತಾರೆ? ಮದುವೆಯೂಟದಲ್ಲಿ ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು.

ಸಂಜೆ ಚಹಾದಂಗಡಿಗೆ ಹೋಗಿ, ಕೂರದೆ ಹೇಳಿದರು: "ತುರೋಬ್, ನಾನು ಕದ್ದಿಲ್ಲಪ್ಪ. ನನ್ನ ಹೆಜ್ಜೆ ಗಿಡ್ಡ ಆಗಿದೆ. ಮುದುಕ ಆದೆ, ನಂಗೇ ಗೊತ್ತಾಗ್ಲಿಲ್ಲ. ಬೇರೆ ಯಾರ್ನಾದ್ರೂ ನೋಡ್ಕೊ."

ತುರೋಬನ ಮುಖ ಸಪ್ಪಗಾಯಿತು.

"ಛೆ, ನೀವು ಕಳ್ಳನೇ ಆಗಿದ್ರೆ ಚೆನ್ನಾಗಿತ್ತು ಉಸ್ತಾ," ಎಂದ. "ಬೈದಾದ್ರೂ ಸರಿ ಮಾಡ್ಬಹುದಿತ್ತು." ಚಹಾ ಬಟ್ಟಲು ಕೆಳಗಿಟ್ಟು, "ಹೆಜ್ಜೆ ನಾನು ಹಾಕ್ತೀನಿ. ನೀವು ಕೂತು ಹೇಳಿ," ಎಂದ.

ಮರುದಿನ ಬೆಳಿಗ್ಗೆ ಉಸ್ತಾ ಮಲ್ಬೆರಿ ಮರದಡಿ ಕೂತು, ಜಾಗ ಸುತ್ತುತ್ತಿದ್ದ ತುರೋಬನಿಗೆ ಕೂಗುತ್ತಿದ್ದರು: "ಕತ್ತೆ ಥರ ತಟತಟ ಬೇಡ್ವೋ! ಕಾಲು ಬೀಸಿ ಹಾಕು. ಇನ್ನೂ ಉದ್ದ... ಹಾಂ, ಇದು ನನ್ನ ಹೆಜ್ಜೆ."

ತಳಪಾಯದ ದಿನ ಪಲಾವ್ ಇಳಿಸುವ ಹೊತ್ತಿಗೆ ಕೊನೆಯ ಸಲಿಕೆ ಜಲ್ಲಿ ಬಿತ್ತು. ಬಾಗಿಲ ಮುಂದೆ ಒಂದು ಬೊಗಸೆಯೂ ಉಳಿಯಲಿಲ್ಲ. ಜನ ನಗುತ್ತ ಬಂದು ತುರೋಬನ ಬೆನ್ನು ತಟ್ಟಿದರು. ಉಸ್ತಾ ಸುಯುನ್ ಕೂಡ ಮೆಲ್ಲಗೆ ಎದ್ದು, ಅಂಗಳ ದಾಟಿ ಹೋಗಿ, ಅವನ ಬೆನ್ನು ತಟ್ಟಿದರು.