ಸಾಹೇಬರ ಹೆಸರು, ನನ್ನ ಹೆಸರು

ನಾನು ಬಹ್ರೇನಿಗೆ ಟೈಪಿಸ್ಟ್ ಆಗಿ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಬಂದರಿನ ಹತ್ತಿರ ಹಡಗುಗಳ ಪಂಪು, ವಾಲ್ವು ರಿಪೇರಿ ಮಾಡುವ ಒಂದು ಸಣ್ಣ ಕಂಪೆನಿ. ಅದರ ಮ್ಯಾನೇಜರ್ ಐವತ್ತು ದಾಟಿದ ಒಬ್ಬ ಇಂಗ್ಲಿಷ್ ಸಾಹೇಬರು. ಅವರ ಮನೆತನದ ಹೆಸರು ಹೇಳುವಾಗ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತಿತ್ತು. ಬರೆಯುವಾಗ ಹನ್ನೊಂದು ಅಕ್ಷರ. ನಡುವಿನ ನಾಲ್ಕು ಅಕ್ಷರಗಳಿಗೆ ಬಾಯಲ್ಲಿ ಜಾಗವೇ ಇರಲಿಲ್ಲ. ಮೊದಲ ದಿನ ನಾನು ಅದನ್ನು ಕಿವಿಗೆ ಬಿದ್ದ ಹಾಗೆಯೇ ಟೈಪ್ ಮಾಡಿ ಕೊಟ್ಟೆ. ಅವರು ಬೈಯಲಿಲ್ಲ. ಬಿಟ್ಟುಹೋದ ಅಕ್ಷರಗಳನ್ನು ಪೆನ್ಸಿಲಿನಲ್ಲಿ ತುಂಬಿ, "ನನ್ನ ಶಾಲೆಯ ಮೇಷ್ಟ್ರೂ ಹೀಗೇ ಬರೆದಿದ್ದರು" ಎಂದರು.

ಗುರುವಾರ ನಮಗೆ ಅರ್ಧ ದಿನದ ಕೆಲಸ. ಉಳಿದವರು ಹೋದ ಮೇಲೆ ಸಾಹೇಬರು ನನ್ನನ್ನು ಕೂರಿಸಿಕೊಂಡು ಸ್ವಂತದ ಕಾಗದಗಳನ್ನು ಹೇಳಿ ಬರೆಸುತ್ತಿದ್ದರು. ಅವರಿಗಿದ್ದದ್ದು ಒಂದೇ ಹುಚ್ಚು, ತಮ್ಮ ಹೆಸರು ಎಲ್ಲಿಂದ ಬಂತು ಎಂದು ಹುಡುಕುವುದು. ಅವರ ದೇಶದ ಹಳ್ಳಿಗಳ ಪಾದ್ರಿಗಳಿಗೆ, ಅದೇ ಹೆಸರಿನ ಅಪರಿಚಿತರಿಗೆ ಕಾಗದ ಹೋಗುತ್ತಿತ್ತು. ಕಪಾಟಿನಲ್ಲಿ ಇಂಗ್ಲೆಂಡಿನ ಬೇರೆ ಬೇರೆ ಜಿಲ್ಲೆಗಳ ಹಳೆಯ ಟೆಲಿಫೋನ್ ಡೈರೆಕ್ಟರಿಗಳಿದ್ದವು. ರಜೆಗೆ ಹೋದಾಗಲೆಲ್ಲ ಎರಡು ಮೂರು ಹೊತ್ತು ತರುತ್ತಿದ್ದರು. ಅವುಗಳಲ್ಲಿ ಆ ಹೆಸರನ್ನು ಹುಡುಕುವ ಕೆಲಸ ಕೆಲವೊಮ್ಮೆ ನನ್ನ ಪಾಲಿಗೆ ಬರುತ್ತಿತ್ತು. ಸಾಲುಗಳ ಮೇಲೆ ಬೆರಳು ಇಳಿಸುತ್ತಾ ಹೋಗುತ್ತಿದ್ದೆ. ಅದು ಇರಬೇಕಾದ ಜಾಗ ಬಂದಾಗ ಅಲ್ಲಿ ಬೇರೆಯೇ ಹೆಸರು ಶುರುವಾಗಿರುತ್ತಿತ್ತು. ಹೆಚ್ಚಿನ ಡೈರೆಕ್ಟರಿಗಳಲ್ಲಿ ಒಂದೂ ಇಲ್ಲ. ಉತ್ತರದ ಒಂದು ಜಿಲ್ಲೆಯಲ್ಲಿ ಮಾತ್ರ ಕೆಲವು ಮನೆ. ಎಣಿಸಲು ಎರಡು ಕೈ ಬೆರಳು ಸಾಕು.

ಒಮ್ಮೆ ಒಬ್ಬ ಪಾದ್ರಿ ಉದ್ದದ ಉತ್ತರ ಬರೆದಿದ್ದರು. ಅದು ಮೂಲದಲ್ಲಿ ಮನುಷ್ಯರ ಹೆಸರೇ ಅಲ್ಲವಂತೆ, ಊರಿನ ಹೆಸರು. ಎರಡು ಹಳೆಯ ಮಾತು ಸೇರಿ ಆದದ್ದು. ಮೊದಲನೆಯದು ಕೊಕ್ಕರೆ, ಎರಡನೆಯದು ಹೊಳೆ ದಾಟುವ ಕಡವು. ಆ ಊರು ಯಾವುದೋ ಕಾಲದಲ್ಲಿ ಬರಿದಾಗಿ ಈಗ ಅಲ್ಲಿ ಕುರಿ ಮೇಯುತ್ತವೆ. ಊರು ಬಿಟ್ಟು ಹೋದವರನ್ನು ಬೇರೆ ಕಡೆಯವರು 'ಕೊಕ್ಕರೆಕಡವಿನವ' ಎಂದು ಕರೆದರು. ಆ ಕರೆ ಮಕ್ಕಳಿಗೂ ಮೊಮ್ಮಕ್ಕಳಿಗೂ ಅಂಟಿಕೊಂಡಿತು. ಗಂಡುಮಕ್ಕಳಿಲ್ಲದ ಒಂದೊಂದೇ ಮನೆಯಲ್ಲಿ ಆ ಹೆಸರು ಅಳಿಯುತ್ತಾ ಬಂತು. ಸಾಹೇಬರಿಗೂ ಇಬ್ಬರು ಹೆಣ್ಣುಮಕ್ಕಳೇ.

ನಾನು ಹೇಳಿದೆ, "ನಿಮ್ಮದು ಅದೃಷ್ಟ ಸರ್. ನಿಮ್ಮನ್ನು ಬೇರೆ ಯಾರೋ ಎಂದು ಯಾರೂ ತಪ್ಪು ತಿಳಿಯಲಾರರು."

ಅವರು ಆ ಕಾಗದವನ್ನು ಮಡಚಿ ಲಕೋಟೆಗೆ ಹಾಕಿದರು. "ಯುದ್ಧದ ಕಾಲದಲ್ಲಿ ನನ್ನ ಅಣ್ಣ ಸೈನ್ಯದಿಂದ ಓಡಿಹೋದ. ಪೇಪರಿನಲ್ಲಿ ಬಂತು. ಆಮೇಲೆ ನಾನು ಎಲ್ಲಿ ಹೆಸರು ಹೇಳಿದರೂ, ಅವನಿಗೆ ನೀನು ಏನಾಗಬೇಕು ಎಂದು ಕೇಳುತ್ತಿದ್ದರು. ಈ ಹೆಸರಿಟ್ಟುಕೊಂಡು ಅಡಗಿ ಕೂರಲು ಆಗುವುದಿಲ್ಲ."

ನನ್ನ ಹೆಸರು ಹಾಗಲ್ಲ. ನಮ್ಮ ಕರಾವಳಿಯಲ್ಲಿ ಮಸೀದಿಯ ಅಂಗಳದಲ್ಲಿ ನಿಂತು ಅದನ್ನು ಕೂಗಿದರೆ ಐದಾರು ಮಂದಿ ತಿರುಗಿ ನೋಡುತ್ತಾರೆ. ಬಾಪನ ಹೆಸರು ಅದಕ್ಕಿಂತಲೂ ಸಾಮಾನ್ಯ. ಪಾಸ್‌ಪೋರ್ಟಿನಲ್ಲಿ ಇವೆರಡು, ಮುಂದೆ ಒಂದೇ ಒಂದು ಇನಿಷಿಯಲ್. ಆ ಒಂಟಿ ಅಕ್ಷರ ಏನೆಂದು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಎರಡು ವರ್ಷ ದುಡಿದು ಮೊದಲ ರಜೆಗೆ ಊರಿಗೆ ಹೋಗಿ ಬಂದೆ. ಬೊಂಬಾಯಿಯಿಂದ ಹೊರಟ ವಿಮಾನ ಮಧ್ಯಾಹ್ನ ಬಹ್ರೇನಿನ ಮುಹರ್ರಕ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಕೌಂಟರಿನಲ್ಲಿದ್ದವನು ಪಾಸ್‌ಪೋರ್ಟ್ ನೋಡಿದ, ಬದಿಯಲ್ಲಿದ್ದ ದಪ್ಪ ಪುಸ್ತಕ ತೆರೆದ, ಮತ್ತೆ ಪಾಸ್‌ಪೋರ್ಟ್ ನೋಡಿದ.

"ಇಸ್ಮ್?"

ಹೆಸರು ಹೇಳಿದೆ. ಬಾಪನ ಹೆಸರು ಕೇಳಿದ, ಅದನ್ನೂ ಹೇಳಿದೆ. ಇನ್ನೊಮ್ಮೆ ಕೇಳಿದ. ಎರಡನೇ ಸಲ ಹೇಳುವಾಗ ನನ್ನ ಹೆಸರೇ ಸುಳ್ಳು ಹೇಳಿದ ಹಾಗೆ ನನಗೆ ಕೇಳಿಸಿತು. ಅವನು ಇನ್ನೊಬ್ಬನನ್ನು ಕರೆದ. ಪಾಸ್‌ಪೋರ್ಟ್ ಡ್ರಾಯರಿನೊಳಗೆ ಹೋಯಿತು. ಹಿಂದಿದ್ದ ಸಾಲು ಬೇರೆ ಕೌಂಟರಿಗೆ ಸರಿಯಿತು.

ಒಳಗಿನ ಕೋಣೆಯಲ್ಲಿ ಉರ್ದು ಬಲ್ಲ ಅಧಿಕಾರಿಯೊಬ್ಬರು ವಿಷಯ ಹೇಳಿದರು. ಇದೇ ಹೆಸರಿನ, ಇದೇ ತಂದೆ ಹೆಸರಿನ ಇಂಡಿಯಾದವನೊಬ್ಬ ತನ್ನ ಕಫೀಲನನ್ನು, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬಿ ಯಜಮಾನನನ್ನು, ಬಿಟ್ಟು ಓಡಿಹೋಗಿದ್ದಾನೆ. ದೂರು ಬಂದು ಮೂರು ವಾರವಾಯಿತು, ಅದರಲ್ಲಿ ಪಾಸ್‌ಪೋರ್ಟ್ ನಂಬರಿಲ್ಲ. "ಅದು ನೀನೇ ಇರಬಹುದು, ಇಲ್ಲದೆಯೂ ಇರಬಹುದು," ಎಂದರು.

"ನಾನು ಆಗ ಊರಿನಲ್ಲಿದ್ದೆ, ಸಾಬ್."

"ಊರಿಗೆ ಓಡಿಹೋಗಿ ಬೇರೆ ವೀಸಾದಲ್ಲಿ ಬರುವವರೂ ಇದ್ದಾರೆ."

ಅವರು ಗದರಿಸಲಿಲ್ಲ. ಕಂಪೆನಿಗೆ ಫೋನ್ ಮಾಡಿದರು. ಸಾಹೇಬರು ಜವಾಬ್ದಾರಿ ಹೊತ್ತ ಮೇಲೆ ಅರಬಿಯಲ್ಲಿ ಬರೆದ ಒಂದು ಚೀಟಿ ಕೊಟ್ಟು ಬಿಟ್ಟರು. ಪಾಸ್‌ಪೋರ್ಟ್ ಅಲ್ಲೇ ಉಳಿಯಿತು.

ನಾನಿದ್ದದ್ದು ಗುದೈಬಿಯಾ ಬಡಾವಣೆಯ ಒಂದು ಕೋಣೆಯಲ್ಲಿ. ಜೊತೆಗಿದ್ದವರು ಉಡುಪಿ ಕಡೆಯ ಒಬ್ಬ ಎ.ಸಿ. ಮೆಕ್ಯಾನಿಕ್, ನನಗಿಂತ ಹತ್ತು ವರ್ಷ ದೊಡ್ಡವರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಪೆಟ್ಟಿಗೆಯ ಹಗ್ಗ ಬಿಚ್ಚದೆ ಕೂತದ್ದನ್ನು ನೋಡಿ ಅವರು ಕೇಳಿದರು, "ಎಂತ ಆಯ್ತು ಮಾರಾಯ? ಊರಲ್ಲಿ ಎಲ್ಲ ಸೌಖ್ಯ ಅಲ್ವಾ?"

ಹೇಳಿದೆ. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನಮ್ಮಿಬ್ಬರಿಗೂ ಅದನ್ನು ಅರ್ಥ ಮಾಡಿಕೊಳ್ಳುವಷ್ಟು ಅರಬಿ ಬರುತ್ತಿರಲಿಲ್ಲ. ನನಗೆ ಕುರ್‌ಆನ್ ಓದಲು ಬರುತ್ತಿದ್ದರೂ ಕೈಬರಹ ತಿಳಿಯಲಿಲ್ಲ. "ಹೆದರುದು ಎಂತಕ್ಕೆ? ನೀನು ಓಡಿದವ ಅಲ್ಲ ಅಲ್ವಾ. ಆದ್ರೆ ಒಂದು ಮಾತು, ಈ ಚೀಟಿ ಒದ್ದೆ ಮಾಡ್ಬೇಡ" ಎಂದರು. ಎರಡನೇ ಮಾತು ಕೇಳಿದ ಮೇಲೆ ಮೊದಲಿನ ಮಾತಿನ ಧೈರ್ಯವೂ ಹೋಯಿತು.

ಆ ದಿನಗಳಲ್ಲಿ ನಾನು ನಡೆದ ರೀತಿಯೇ ಬೇರೆ. ಪೊಲೀಸ್ ಜೀಪು ಕಂಡರೆ ಹತ್ತಿರದ ಅಂಗಡಿಗೆ ಹೊಕ್ಕು ಬೇಡದ ಸೋಪು, ಬೆಂಕಿಪೊಟ್ಟಣ ಕೈಗೆತ್ತಿಕೊಳ್ಳುತ್ತಿದ್ದೆ. ದಿನವೂ ಚಹಾ ಕುಡಿಯುತ್ತಿದ್ದ ಹೋಟೆಲಿಗೆ ಹೋಗುವುದು ಬಿಟ್ಟೆ, ಯಾಕೆಂದರೆ ಅಲ್ಲಿ ಎಲ್ಲರಿಗೂ ನನ್ನ ಹೆಸರು ಗೊತ್ತಿತ್ತು. ದಾರಿಯಲ್ಲಿ ಯಾರೋ ಯಾರನ್ನೋ ಆ ಹೆಸರಿನಿಂದ ಕೂಗಿದರೆ ತಿರುಗದೆ ಮುಂದೆ ನಡೆಯುತ್ತಿದ್ದೆ. ಉಮ್ಮನಿಗೆ ಬರೆದ ಕಾಗದದಲ್ಲಿ ಸುಖವಾಗಿ ತಲುಪಿದೆ ಎಂದಷ್ಟೇ ಇತ್ತು. ಶನಿವಾರ ಇಮಿಗ್ರೇಷನ್ ಕಚೇರಿಗೆ ಹೋದೆ, "ಬುಕ್ರಾ", ಅಂದರೆ ನಾಳೆ ಬಾ, ಎಂದರು. ಮರುದಿನ ಹೋದೆ, ಮತ್ತೆ ಬುಕ್ರಾ.

ಇನ್ನೊಂದು ವಿಷಯವನ್ನು ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿಲ್ಲ. ಐದು ಹೊತ್ತಿನ ನಮಾಜಿನ ಕೊನೆಗೆ ಕೈಯೆತ್ತಿ ಒಂದೇ ದುಆ ಮಾಡುತ್ತಿದ್ದೆ: ಆ ಇನ್ನೊಬ್ಬ ಬೇಗ ಸಿಕ್ಕಿಬೀಳಲಿ. ಅವನು ಯಾರು, ಯಾಕೆ ಓಡಿದ ಎಂದು ಒಮ್ಮೆಯೂ ಯೋಚಿಸಲಿಲ್ಲ. ಅವನು ಸಿಕ್ಕರೆ ನಾನು ಉಳಿಯುತ್ತೇನೆ, ಅಷ್ಟೇ.

ಎರಡನೇ ವಾರ ಸಾಹೇಬರು ನನ್ನನ್ನು ಕರೆದರು. ಅವರ ಮೇಜಿನ ಮೇಲೆ ನನ್ನ ಹಳೆಯ ಅರ್ಜಿ ಇತ್ತು.

"ಇಲ್ಲಿ ಮುಂದೆ ಒಂದು ಅಕ್ಷರ ಇದೆಯಲ್ಲ, ಇದೇನು?"

"ಮನೆ ಹೆಸರು, ಸರ್. ನಮ್ಮ ಕಡೆ ಮನೆಗೆ ಒಂದು ಹೆಸರಿರುತ್ತದೆ."

"ಹಾಗಾದರೆ ಇದೇ ನಿನ್ನ ಮನೆತನದ ಹೆಸರು. ಇದರ ಅರ್ಥ?"

ಹಲಸಿನ ಮರದ ಬುಡ ಎಂದೆ. ಮರ ಈಗ ಇದೆಯೇ ಎಂದು ಕೇಳಿದರು. ಇಲ್ಲ, ಬಾಪ ಹುಟ್ಟುವ ಮೊದಲೇ ಬಿದ್ದುಹೋಗಿತ್ತಂತೆ. ಈ ಹೆಸರಿನವರು ಎಷ್ಟು ಮಂದಿ? ನಮ್ಮ ಮನೆ ಮತ್ತು ದೊಡ್ಡಬಾಪನ ಮನೆ, ಎರಡೇ. ಸಾಹೇಬರು ಪೆನ್ಸಿಲ್ ಕೆಳಗಿಟ್ಟರು. "ಅಷ್ಟು ದೊಡ್ಡ ಸಾಕ್ಷಿಯನ್ನು ಒಂದು ಅಕ್ಷರದೊಳಗೆ ಅಡಗಿಸಿ ಇಟ್ಟಿದ್ದೀಯ. ಪೂರ್ತಿ ಬರೆದ ಕಾಗದ ಯಾವುದಾದರೂ ಇದೆಯೇ?"

ಇತ್ತು. ಮಂಚದ ಕೆಳಗಿನ ಟ್ರಂಕಿನಲ್ಲಿ ಎಸ್ಸೆಸ್ಸೆಲ್ಸಿ ಅಂಕಗಳ ಪುಸ್ತಕ. ಅದರಲ್ಲಿ ನಮ್ಮ ಹೈಸ್ಕೂಲಿನ ಗುಮಾಸ್ತರು ದುಂಡು ಅಕ್ಷರದಲ್ಲಿ ಮನೆ ಹೆಸರನ್ನು ಪೂರ್ತಿಯಾಗಿ ಬರೆದಿದ್ದರು. ಸಾಹೇಬರು ಹೇಳಿದ ಪತ್ರವನ್ನು ನಾನೇ ಟೈಪ್ ಮಾಡಿದೆ. ನನ್ನ ಹೆಸರು ಬಂದಲ್ಲೆಲ್ಲ ಬೆರಳು ತಪ್ಪಿತು. ಮೂರು ಹಾಳೆ ಹರಿದು ಹಾಕಿದ ಮೇಲೆ ಅವರು ಎದ್ದು ಬಂದು ಹೇಳಿದರು, "ನಿಧಾನ. ನನ್ನ ಹೆಸರನ್ನು ಎರಡು ವರ್ಷ ತಪ್ಪಿಲ್ಲದೆ ಬರೆದವನು ನೀನು." ತಮ್ಮ ಕಾರಿನಲ್ಲೇ ನಮ್ಮ ರಾಯಭಾರ ಕಚೇರಿಗೆ ಕರೆದುಕೊಂಡು ಹೋಗಿ ಪುಸ್ತಕದ ಪ್ರತಿಗೆ ಮೊಹರು ಹಾಕಿಸಿದರು. ಅಲ್ಲಿಂದ ಕಾಗದಗಳು ಇಮಿಗ್ರೇಷನ್ನಿಗೆ ಹೋದವು.

ನಾಲ್ಕು ದಿನ ಬಿಟ್ಟು ಬರಹೇಳಿದರು. ಬೆಳಗ್ಗೆ ಎಂಟಕ್ಕೇ ಹೋಗಿ ಉದ್ದದ ಬೆಂಚಿನಲ್ಲಿ ಕೂತೆ. ಆ ಬೆಂಚಿನಲ್ಲಿ ಏಳೆಂಟು ಮಂದಿ ಇದ್ದೆವು. ತುದಿಯಲ್ಲಿ ಒಬ್ಬ ಪೊಲೀಸ್, ಅವನ ಪಕ್ಕದಲ್ಲಿ ನಲವತ್ತು ದಾಟಿದ ಬಡಕಲು ಮನುಷ್ಯ. ಅಂಗಿಯ ತೋಳಿನಲ್ಲಿ ಗ್ರೀಸಿನ ಕಲೆ, ಕಾಲಲ್ಲಿ ಬೇರೆ ಬೇರೆ ಜೋಡಿಯ ಹವಾಯಿ ಚಪ್ಪಲಿ.

ಬಾಗಿಲಲ್ಲಿ ಗುಮಾಸ್ತ ಬಂದು ಹೆಸರು ಕೂಗಿದ. ನಾನು ಎದ್ದು ನಿಂತೆ. ಆ ಬಡಕಲು ಮನುಷ್ಯನೂ ಎದ್ದು ನಿಂತ.

ಗುಮಾಸ್ತ ಇಬ್ಬರನ್ನೂ ನೋಡಿ ತಂದೆಯ ಹೆಸರು ಸೇರಿಸಿ ಮತ್ತೆ ಕೂಗಿದ. ಇಬ್ಬರೂ ನಿಂತೇ ಇದ್ದೆವು. ಆ ಮನುಷ್ಯ ನನ್ನ ಕಡೆ ತಿರುಗಿದ. ಸಿಟ್ಟಿನಿಂದ ನೋಡಿದ್ದರೆ ನನಗೆ ಸಹಿಸಬಹುದಿತ್ತು. ಅವನ ಮುಖದಲ್ಲಿದ್ದದ್ದು ಪಾಪ ಎನ್ನುವ ಭಾವ, ನನ್ನ ಮೇಲೆ.

ಒಳಗೆ ಅದೇ ಉರ್ದು ಬಲ್ಲ ಅಧಿಕಾರಿ. ನನ್ನ ಕಾಗದ ತೋರಿಸಿ ನನ್ನ ಮನೆ ಹೆಸರನ್ನು ಕಷ್ಟಪಟ್ಟು ಓದಿದರು. "ಇದು ನಿನ್ನದಾ?" ಎಂದು ಅವನನ್ನು ಕೇಳಿದರು.

ಆಗಿನ ಹೆದರಿಕೆ ಇವತ್ತಿಗೂ ನೆನಪಿದೆ. ಅವನು ಹೌದು ಎಂದುಬಿಟ್ಟರೆ? ಗೊಂದಲ ಎಬ್ಬಿಸಿ ಇನ್ನೆರಡು ದಿನ ತಳ್ಳಬಹುದಿತ್ತು. ಅವನ ಜಾಗದಲ್ಲಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

"ನಹೀಂ ಸಾಬ್," ಎಂದ ಅವನು. "ಯೇ ಅಲಗ್ ಆದ್ಮಿ ಹೈ. ಭಾಗಾ ತೋ ಮೈಂ." ಇವನು ಬೇರೆ, ಓಡಿದವನು ತಾನು ಎಂದು.

ನನ್ನ ಪಾಸ್‌ಪೋರ್ಟ್ ಮೇಜಿನ ಮೇಲೆ ಬಂತು. ಸಹಿ ಹಾಕಿಸಿಕೊಂಡರು. ಅವನ ಕಾಗದಗಳನ್ನು ಬರೆಯುವಷ್ಟು ಹೊತ್ತು ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತೆವು. ನಾನು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಅವನು ನಮ್ಮ ಬ್ಯಾರಿ ಮಾತಿನಲ್ಲೇ ಯಾವ ಊರೆಂದು ಕೇಳಿದ. ಹೇಳಿದೆ. ಅವನದು ಅಲ್ಲಿಂದ ಮೂರು ಹೊಳೆ ಆಚೆ.

"ಎಲ್ಲಿ ಸಿಕ್ಕಿದಿರಿ?" ಎಂದೆ. ಬೇರೆ ಏನು ಕೇಳುವುದೆಂದು ತಿಳಿಯಲಿಲ್ಲ.

"ಸನದ್ ಊರಿನ ಗ್ಯಾರೇಜಲ್ಲಿ. ಟಯರ್ ಬಿಚ್ಚುತ್ತಾ ಇದ್ದೆ. ಡ್ರೈವರ್ ಕೆಲಸ ಅಂತ ಕರೆಸಿ ದೋಣಿಗೆ ಹಾಕಿದರು. ನನಗೆ ಕಡಲು ಆಗುವುದಿಲ್ಲ, ನನ್ನ ತಮ್ಮ ಕಡಲಲ್ಲೇ ತೀರಿಹೋದವ. ಅದಕ್ಕೇ ಓಡಿದೆ." ನನ್ನ ಕೈಯಲ್ಲಿದ್ದ ಪಾಸ್‌ಪೋರ್ಟ್ ನೋಡಿ, "ನಿಮ್ಮನ್ನೂ ಹಿಡಿದಿದ್ದಾರೆ ಅಂತ ಇವತ್ತೇ ಗೊತ್ತಾದದ್ದು. ಹೆದರಿದಿರಾ?" ಎಂದ.

"ಸ್ವಲ್ಪ."

"ಒಂದು ಉಪಕಾರ ಮಾಡ್ತೀರಾ? ಮನೆಗೆ ಎರಡು ಗೆರೆ ಬರೀರಿ. ಜೀವಂತ ಇದ್ದೇನೆ, ಇವರು ಊರಿಗೆ ಕಳಿಸ್ತಾರೆ ಅಂತ. ಹೆಂಡತಿಗೆ ಎರಡು ತಿಂಗಳಿಂದ ಕಾಗದ ಇಲ್ಲ." ತನ್ನ ಮನೆ ಹೆಸರು, ಅಂಚೆ ಕಚೇರಿಯ ಹೆಸರು ಹೇಳಿದ. ನನ್ನ ಹತ್ತಿರವಿದ್ದ ಆ ಅರಬಿ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ಪೊಲೀಸ್ ಅವನ ತೋಳು ಮುಟ್ಟಿದ. ಅವನು ಸಲಾಂ ಹೇಳಿ ಎದ್ದುಹೋದ.

ಅವತ್ತು ಸಂಜೆಯೇ ಬರೆದೆ ಎಂದು ಹೇಳಿಕೊಳ್ಳುವ ಆಸೆ ಇದೆ. ಬರೆಯಲಿಲ್ಲ. ವಿಳಾಸ ಬರೆಯಲು ಕೂತಾಗಲೆಲ್ಲ, ಈ ಕಾಗದ ಯಾರಾದರೂ ಒಡೆದು ನೋಡಿದರೆ, ಅವನಿಗೂ ನನಗೂ ಸಂಬಂಧ ಇದೆ ಎಂದುಕೊಂಡರೆ ಎಂಬ ಭಯ. ಹತ್ತು ದಿನ ಹೀಗೇ ಹೋಯಿತು. ಒಂದು ಗುರುವಾರ ಸಾಹೇಬರು ತಮ್ಮ ಹೆಸರಿನ ಯಾರೋ ಒಬ್ಬ ಮುದುಕಿಗೆ ಕಾಗದ ಹೇಳಿ ಬರೆಸುತ್ತಿದ್ದರು. ಮುಗಿದ ಮೇಲೆ ನಾನು ಅಲ್ಲೇ ಉಳಿದು, ಕೈಯಲ್ಲಿ, ಕನ್ನಡದಲ್ಲಿ, ಆ ಹೆಣ್ಣುಮಗಳಿಗೆ ನಾಲ್ಕು ಸಾಲು ಬರೆದೆ. ಸಾಹೇಬರು ಏನೂ ಕೇಳದೆ ತಮ್ಮ ಕಾಗದದ ಜೊತೆ ಅದನ್ನೂ ಅಂಚೆಗೆ ಕಳಿಸಿದರು.

ಎರಡು ತಿಂಗಳಾದ ಮೇಲೆ ಉತ್ತರ ಬಂತು. ಲಕೋಟೆಯ ಹಿಂಬದಿಯಲ್ಲಿ ಕಳುಹಿಸಿದವರು ಎಂಬಲ್ಲಿ ನನ್ನದೇ ಹೆಸರು ಕಂಡು ಲಕೋಟೆ ಕೆಳಗಿಟ್ಟೆ. ಆಮೇಲೆ ಅದರ ಪಕ್ಕದಲ್ಲಿ ಬರೆದಿದ್ದ ಮನೆ ಹೆಸರು ಓದಿದೆ. ಅವನೇ ಯಾರಿಂದಲೋ ಬರೆಸಿದ್ದ. ಊರು ಮುಟ್ಟಿದ್ದಾನೆ, ಹಂಚಿನ ಕಾರ್ಖಾನೆಯ ಲಾರಿ ಓಡಿಸುತ್ತಾನೆ. ನನ್ನ ಕಾಗದ ತಾನು ಬರುವುದಕ್ಕೆ ಒಂದು ದಿನ ಮೊದಲು ತಲುಪಿತು, ಹೆಂಡತಿ ಬಾಗಿಲಲ್ಲೇ ಕೂತಿದ್ದಳು. ಕೊನೆಗೆ ಹೀಗಿತ್ತು: 'ನನ್ನ ಹೆಸರಿನಿಂದ ನಿಮಗೆ ತೊಂದರೆಯಾಯಿತು, ಮಾಫಿ ಮಾಡಬೇಕು.'

ಮಾಫಿ ಕೇಳಬೇಕಾದದ್ದು ಯಾರು ಎಂದು ಅವನಿಗೆ ಬರೆಯಲು ನನಗೆ ಧೈರ್ಯ ಬರಲಿಲ್ಲ. ಎಲ್ಲ ಸೌಖ್ಯ, ಪಾಸ್‌ಪೋರ್ಟ್ ಸಿಕ್ಕಿದೆ ಎಂದು ಬರೆದು, ಕೆಳಗೆ ಹೆಸರು ಹಾಕಿದೆ, ಮನೆ ಹೆಸರು ಸೇರಿಸಿ, ಪೂರ್ತಿಯಾಗಿ.