ಕೋಡಿ ಮ್ಯಾಲಿನ ಚೀಲ

ದತ್ತು ಕಾಕಾ, ಕೋಡಿ ಮ್ಯಾಲಿನ ಚೀಲ ಎಳದಾವ ನಾನೇ ರಿ. ನೀವಲ್ಲ. ಎರಡು ವರ್ಷದಿಂದ ಊರಾಗ ನಿಮ್ಮ ಹೆಸರು ಹೇಳ್ಲತ್ತಾರ — ಆ ಹೆಸರು ಹಚ್ಚಿದ್ದು ಬಿ ನನ್ನ ಬಾಯೇ.

ಆ ದಿನ ಮಳಿ ಹ್ಯಾಂಗಿತ್ತಂದ್ರ, ಭಾಲ್ಕಿ ಬಸ್ಸಿನ ಡ್ರೈವರ್ ಸ್ಟೇರಿಂಗ್ ಬಿಟ್ಟು ಹುಟ್ಟು ಹಾಕಬೇಕು, ಹಂಗ. ನಮ್ಮ ಕೆರಿ ತುಂಬಿ ತುಳಕ್ಲತ್ತಿತ್ತು. ನೀರು ಹೆಚ್ಚಿಗಿ ನಿಲ್ಲಲಿ ಅಂತ ಕೋಡಿ ಮ್ಯಾಲ ಉಸುಕಿನ ಚೀಲ ಒಟ್ಟಿದ್ರು. ತೆಗದ್ರ ಕೆಳಗಿನವರ ಸೋಯಾಬೀನ್ ಮುಳಗ್ತದ. ತೆಗೀಲಿಲ್ಲಂದ್ರ ಹಿನ್ನೀರು ನಿಮ್ಮ ಹೊಲಕ್ಕ ಬರ್ತದ.

ಚಾ ಅಂಗಡಿ ಮುಂದ ನೀವು ಅಂದ್ರಿ, "ಏರಿ ಒಡದ್ರ ಊರೇ ಹೋಗ್ತದ, ಚೀಲ ತೆಗೀರಿ."

ಕೆಳಗಿನ ಹೊಲದ ಶಿವರಾಜ ಮಾಮಾ ನಕ್ರು. "ಊರಿನ ಚಿಂತಿ ಎಲ್ಲಿಂದ್ ಬಂತು ದತ್ತಣ್ಣ, ನಿನ್ನ ಹೊಲದ ಚಿಂತಿ ಅನ್ನು."

ಮುಂಜಾನಿ ನೋಡೋಣಂತ ಎಲ್ಲಾರೂ ಎದ್ರು.

ಸಂಜಿಗಿ ನಾ ಮೊಬೈಲ್ ಹಿಡಕೊಂಡು ಕೋಡಿಗಿ ಹೋಗಿನಿ. ಔರಾದ್ ತನಕ ಹೆಸರಾಗ್ಬೇಕು — ಅಂಥ ರೀಲ್. ಒಂದೇ ಚೀಲ ಎಳದ್ರ ಸಣ್ಣ ಜಲಪಾತ ಆಗ್ತದಂತ... ಒಂದು ಎಳದಿನಿ. ಉಳದದ್ದು ತಾವೇ ಬಂದವು, ಮದಿವಿ ಊಟಕ್ಕ ಕರದಂಗ. ಮೊಬೈಲ್ ಬಿ ನೀರಾಗ. ನಾ ಓಡಿದ್ದು — ಪೊಲೀಸ್ ಭರ್ತಿಯಾಗ ಹಂಗ ಓಡಿದ್ರ ಅವತ್ತೇ ನೌಕರಿ.

ಏರಿ ಉಳೀತು. ನನ್ನಿಂದ ಉಳೀತು ಅಂತ ಹೇಳ್ಕೋಬಹುದು — ಆದ್ರ ನಾ ಏರಿ ಉಳಸ್ಲಾಕ್ ಹೋಗಿರಲಿಲ್ಲ.

ಮರುದಿನ ಸೋಯಾಬೀನ್ ಎಲ್ಲಾ ನೀರಾಗ. ಶಿವರಾಜ ಮಾಮಾ ಕೇಳಿದ್ರು, "ನೀ ಆ ಕಡಿ ಹೋಗಿದ್ದಿ. ಯಾರು ಕಂಡ್ರು?"

ನೀವು ಏರಿ ಮ್ಯಾಲ ಛತ್ರಿ ಹಿಡದು ನಿಂತಿದ್ದು ಖರೇ ನೋಡಿದ್ದೆ. ಅಷ್ಟೇ ಹೇಳಿದ್ರ... ಅಷ್ಟೇ ಹೇಳೋ ಬಾಯಿ ನಂದಲ್ಲ. ಧೋತರ ಮ್ಯಾಲ ಕಟ್ಟಿದ್ರಿ ಅಂದಿನಿ. ಬೆಕ್ಕಿನಂಗ ಆ ಕಡಿ ಈ ಕಡಿ ನೋಡಿದ್ರಿ ಅಂದಿನಿ. ಚೀಲಕ್ಕ "ಬಾ ನನ್ನ ರಾಜಾ" ಅಂದ್ರಿ ಅಂತ ಕುಣದು ತೋರ್ಸಿನಿ. ಎಲ್ಲಾರೂ ಬಿದ್ದು ಬಿದ್ದು ನಕ್ರು. ನಗಿ ಮೊದಲು ನಿಂತದ್ದು ಶಿವರಾಜ ಮಾಮಾಂದು.

"ಹಂಗಾದ್ರ ಅವನೇ."

ಸುದ್ದಿ ಕೇಳಿ ಬಂದು ನೀವು ಒಂದೇ ಮಾತು ಕೇಳಿದ್ರಿ: "ಒಂದು ಕೈಯಾಗ ಛತ್ರಿ ಇತ್ತಪಾ. ಇನ್ನೊಂದು ಕೈಲೆ ಹಸಿ ಚೀಲ ಎಳಿಲಾಕ್ ಬರ್ತದೇನು?" ಅವತ್ತಿನಿಂದ ಸುಗ್ಗಿಯಾಗ ನಿಮ್ಮ ರಾಶಿಗಿ ಕೆಳಗಿನ ಹೊಲದವರು ಬರಲ್ಲ. ನೀವು ಬಂದ್ರ ಚಾ ಅಂಗಡ್ಯಾಗ ಮಾತು ನಿಲ್ತದ.

ಮತ್ತ ನಾ ಸಿಕ್ಕಾಗೆಲ್ಲ ನೀವು, "ಹೊಸ ಮೊಬೈಲ್ ಬಂತೇನು ಬೇಟಾ?" ಅಂತೀರಿ. ಹಳೀದು ಹ್ಯಾಂಗ ಹೋಯ್ತಂತ ನಾ ನಿಮಗ ಹೇಳೇ ಇಲ್ಲ. ಕಾಕಾ, ಏರಿ ಮ್ಯಾಲಿಂದ ಕೋಡಿ ಕಾಣಿಸ್ತದ. ನೀವು ನೋಡಿದ್ರೇನು? ನೋಡಿ ಸುಮ್ಮನಿದ್ರೇನು? — ಆ ಸಂಶಯ ನನಗ ನಿದ್ದಿ ಮಾಡಗೊಡಲ್ಲ.

ಮೊನ್ನಿ ಅಪ್ಪಗ ಹೇಳ್ದಿನಿ. "ದತ್ತು ಎಷ್ಟು ಚಾ ಕುಡಿಸ್ಯಾನ ನಿನಗ?" ಅಂದ. ಅವನ ತಪ್ಪಿಲ್ಲ. ನನ್ನ ಮಾತಿನಾಗ ಖರೇದು ಯಾವುದು ಅಂತ ಯಾರು ಹುಡುಕ್ತಾರ...

ಈ ವರ್ಷ ಮತ್ತ ಕೆರಿ ತುಂಬ್ಯದ. ಚೀಲ ಇಡಬೇಕೋ ತೆಗೀಬೇಕೋ ಅಂತ ನಾಳಿ ಅದೇ ಅಂಗಡಿ ಮುಂದ ಕೂಡ್ತಾರ. ನೀವು ಬರ್ರಿ ಕಾಕಾ. ನಾ ಎದ್ದು ನಿಂದರ್ತೇನಿ. ಮಳಿ ಹ್ಯಾಂಗಿತ್ತಂತ ಹೇಳಲ್ಲ. ಓಡಿದ್ದು ಹೇಳಲ್ಲ. ಕುಣಿಯಲ್ಲ. ಎರಡೇ ಮಾತು —

ನಾ ಎಳದಿನಿ.