ಚಹಾಕ್ಕಿಂತ ಮೊದಲು ರಿಪೋರ್ಟ್

ಕಳೆದ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ಕರಜಗಿಯಲ್ಲಿ ನಮ್ಮ ಪಕ್ಕದ ಮನೆ. ಹಾಜರಿದ್ದವರು: ಬಿ.ಎಡ್. ಓದುವ ಭಾಗ್ಯ, ಅವಳ ಅಪ್ಪ ಶರಣಪ್ಪ, ಅವ್ವ ಮಹಾದೇವಿ ಮತ್ತು ನಾನು. ಒಲೆ ಇನ್ನೂ ಹೊತ್ತಿರಲಿಲ್ಲ.

(ಹೆಸರುಗಳನ್ನು ಬದಲಿಸಿದ್ದೇನೆ. "ನಂದs ಹೆಸರ ಹಾಕ್ರಿ ಅಕ್ಕೋರ, ನಾನೇನ್ ತಪ್ಪ ಮಾಡೀನಿ?" ಎಂದಳು ಹುಡುಗಿ. ನಾನು ಒಪ್ಪಲಿಲ್ಲ. ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಳಾದವಳು ನಾನು. ನಿಯಮ ಅಂದರೆ ನಿಯಮ.)

ಆದದ್ದಿಷ್ಟು. ಅಕ್ಕನ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ತೆಗೆಸಿಕೊಂಡ ಫೋಟೋವನ್ನು ಭಾಗ್ಯ ಡಿಪಿಗೆ ಹಾಕಿದ್ದಳು. ಯಾರೋ ಅದನ್ನು ಕದ್ದು, ಅವಳ ಮುಖವನ್ನು ಇನ್ಯಾರದೋ ಅಶ್ಲೀಲ ಚಿತ್ರಕ್ಕೆ ಅಂಟಿಸಿ, ಅವಳ ಹೆಸರಿನಲ್ಲೇ ಫೇಕ್ ಅಕೌಂಟ್ ತೆರೆದು ಹಾಕಿದ್ದರು. ಶನಿವಾರ ಸಂಜೆಯೊಳಗೆ ಅದು ಊರೆಲ್ಲ ಸುತ್ತಿತ್ತು.

ಶರಣಪ್ಪನದು ಒಂದೇ ಮಾತು: "ನಾಳಿಂದ ಕಾಲೇಜ್ ಬಂದ್. ಓದಿದ್ದು ಸಾಕು."

ಭಾಗ್ಯ ಅತ್ತಿದ್ದಳು, ನಿಜ. ಆದರೆ ಅಳುವ ಮೊದಲೇ ಲಿಂಕ್ ಮತ್ತು ಸ್ಕ್ರೀನ್‌ಶಾಟ್ ಉಳಿಸಿಟ್ಟುಕೊಂಡಿದ್ದಳು! ಸೈಬರ್ ಅಪರಾಧಗಳ ಸರ್ಕಾರಿ ಜಾಲತಾಣ ತೆರೆದಳು. ಅಲ್ಲಿ ಎರಡು ದಾರಿ: ಹೆಸರು ಹೇಳದೆ ದೂರು ಕೊಡಬಹುದು, ಹೇಳಿಯೂ ಕೊಡಬಹುದು.

"ಹೆಸರಿಲ್ದಂಗ ಕೊಡವ್ವಾ," ಎಂದಳು ಮಹಾದೇವಿ.

"ಹೆಸರ ಕೊಟ್ರ ದೂರು ಎಲ್ಲಿತನಕ ಬಂತಂತ ನೋಡಬಹುದವ್ವಾ. ಕದ್ದಾಂವ ಹೆಸರ ಮುಚ್ಚಿಟ್ಟಾನ. ನಾ ಯಾಕ ಮುಚ್ಚಿಡ್ಲಿ?"

ತನ್ನ ಪೂರ್ತಿ ಹೆಸರು ಟೈಪ್ ಮಾಡಿ ದೂರು ಕಳಿಸಿದಳು.

ಅಷ್ಟರಲ್ಲಿ ಮಂದಿ ಬರತೊಡಗಿದರು. ಸಾವಾದ ಮನೆಗೆ ಹೋಗಿ ಮಾತಾಡಿಸಿ ಬರುವುದು ನಮ್ಮ ಕಡೆಯ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಇಲ್ಲಿ ಸತ್ತವರು ಯಾರು? ಸೆರಗನ್ನು ಬಾಯಿಗೆ ಹಿಡಿದು ಜಮಖಾನೆಯ ಮೇಲೆ ಕೂರುವುದು, ಒಂದು ನಿಟ್ಟುಸಿರು, ಆಮೇಲೆ ಮೊಬೈಲ್ ತೆಗೆದು, "ಇದs ಅಲ್ರಿ ಫೋಟೋ?"

ಓಣಿಯ ನೀಲಮ್ಮನಿಗಂತೂ ಕಣ್ಣೀರೇ ಬಂತು. "ಎಂಥಾ ಹೊಲಸ ಮಂದಿ ಬೇ! ಯಾರೂ ನೋಡಬ್ಯಾಡ್ರಿ ಅಂತ ನಮ್ಮ ತವರುಮನಿ ಗ್ರೂಪಿಗೂ ಕಳ್ಸೀನಿ."

ನೋಡಬೇಡಿ ಎಂದು ಫೋಟೋ ಕಳಿಸಿದರೆ ಯಾರು ತಾನೇ ನೋಡದೆ ಇರುತ್ತಾರೆ? ಕಾಳಜಿಯಿಂದಲೇ ಕಳಿಸಿದ್ದು. ಕಾನೂನು ಕಾಳಜಿಯನ್ನು ಕೇಳುವುದಿಲ್ಲ. ಮುಂದೆ ಕಳಿಸುವುದೂ ಅಪರಾಧವೇ.

ನಾನು ಹೊಸ್ತಿಲಲ್ಲಿ ನಿಂತೆ. ಹಳೆಯ ದನಿ ತಾನಾಗಿ ಬಂತು. "ಚಹಾ ಆಮ್ಯಾಲ. ಮೊದ್ಲ ಎಲ್ರೂ ಮೊಬೈಲ್ ತಗೀರಿ. ಸಾಲಾಗಿ ಕೂಡ್ರಿ."

ಆಗ ಒಳಗಿನಿಂದ ಭಾಗ್ಯ ಬಂದಳು. ಮುಖ ತೊಳೆದಿದ್ದಳು, ತಲೆ ಬಾಚಿದ್ದಳು. ಜಮಖಾನೆಯ ಮುಂದೆ ನಿಂತು ಪಾಠ ಶುರು ಮಾಡಿದಳು. ರಿಪೋರ್ಟ್ ಎಲ್ಲಿ ಒತ್ತಬೇಕು, ಯಾವ ಕಾರಣ ಆರಿಸಬೇಕು, ಗ್ಯಾಲರಿಯಿಂದ ಹೇಗೆ ಅಳಿಸಬೇಕು, ಗ್ರೂಪಿಗೆ ಕಳಿಸಿದ್ದನ್ನು ಹೇಗೆ ಹಿಂತೆಗೆಯಬೇಕು. ತಿಳಿಯದವರಿಗೆ ಮತ್ತೊಮ್ಮೆ. ನೀಲಮ್ಮನಿಂದ ತವರಿಗೆ ಫೋನ್ ಮಾಡಿಸಿ, ಅಲ್ಲಿಯೂ ಅಳಿಸುವವರೆಗೆ ಬಿಡಲಿಲ್ಲ.

"ನಾ ನೋಡೇ ಇಲ್ಲವಾ," ಎಂದ ಅವಳ ಕಾಕಾ ಮಲ್ಲಣ್ಣ.

"ನೋಡ್ಲಾರ್ದs ಡೌನ್‌ಲೋಡ್ ಆಗ್ಯದೇನ್ ಕಾಕಾ? ತಗೀರಿ."

ಆ ಮನೆಯಲ್ಲಿ ಅಂದು ಮೊದಲ ನಗು ಕೇಳಿದ್ದು ಆಗ. ಬಂದವರೆಲ್ಲ ರಿಪೋರ್ಟ್ ಮಾಡಿ, ಅಳಿಸಿ, ತೋರಿಸಿ, ನಂತರವೇ ಚಹಾ ಕುಡಿದರು. ಹಾಸ್ಟೆಲಿನಲ್ಲಿ ಎಷ್ಟೋ ಹುಡುಗಿಯರನ್ನು ಬೆಳೆಸಿದ್ದೇನೆ. ಇಂಥ ಶಿಸ್ತಿನ ಕ್ಲಾಸ್ ಕಂಡಿರಲಿಲ್ಲ.

ಶರಣಪ್ಪ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನೋಡುತ್ತಿದ್ದ. ಮಗಳು ಪಾಠ ಹೇಳುವುದನ್ನು ಅವನು ನೋಡಿದ್ದು ಅದೇ ಮೊದಲು. ಮಂದಿಯೆಲ್ಲ ಹೋದ ಮೇಲೆ ತನ್ನ ಮೊಬೈಲ್ ಅವಳ ಮುಂದೆ ಚಾಚಿದ. "ನನಗೂ ಯಾರೋ ಕಳ್ಸ್ಯಾರವಾ. ತಗಿಯೋದು ಹ್ಯಾಂಗ, ಹೇಳಿಕೊಡು."

ಹೇಳಿಕೊಟ್ಟಳು. ಅಪ್ಪನೂ ಸರಿಯಾಗಿ ಕಲಿತ.

ಸಂಜೆಯ ಹೊತ್ತಿಗೆ ಆ ಅಕೌಂಟ್ ಮಾಯವಾಗಿತ್ತು. ಮಾಡಿದವನು ಇನ್ನೂ ಸಿಕ್ಕಿಲ್ಲ. ದೂರಿನ ನಂಬರ್ ಭಾಗ್ಯಳ ಬಳಿ ಇದೆ, ಬಿಡುವ ಹುಡುಗಿಯಲ್ಲ.

ಏಳು ಗಂಟೆ. ದಿನದ ಕೊನೆಯ ಕೆಲಸ: ಸೋಮವಾರದ ಕಾಲೇಜಿಗೆ ಯೂನಿಫಾರ್ಮ್ ಸೀರೆ ಇಸ್ತ್ರಿ. ಮಾಡಿದವನು ಶರಣಪ್ಪ. ಮಡಿಕೆ ಸೊಟ್ಟಗಿತ್ತು. ನಾನು, ಹೌದು ನಾನೇ, ತಿದ್ದಲಿಲ್ಲ.

ಈಗ ನೀವು ಹೇಳಿ, ನಿಮ್ಮ ಮೊಬೈಲಿನಲ್ಲಿ ಯಾರ ಮನೆಯ ಮಗಳ ಫೋಟೋ ಇನ್ನೂ ಕೂತಿದೆ?